ರಿಂಗ್ ಮ್ಯಾಗ್ನೆಟ್ ಪವರ್ ನಿಜವಾಗ್ಲೂ ಹೋಗಿದ್ಯಾ? ಸ್ಪೀಕರ್, ಓವನ್, ಮೋಟರ್, ಪಂಪ್‌ಗಳಲ್ಲಿ ಚೆಕ್ ಮಾಡೋ ಬಗೆ

ಸ್ಪೀಕರ್ ಸೌಂಡ್ ಕಮ್ಮಿ ಆದ್ರೆ "ಮ್ಯಾಗ್ನೆಟ್ ಪವರ್ ಹೋಗಿದೆ", ಓವನ್ ಬಿಸಿ ಮಾಡ್ತಿಲ್ಲ ಅಂದ್ರೆ "ಮ್ಯಾಗ್ನೆಟ್ ವೀಕು", ಫ್ಯಾಕ್ಟರಿಲಿ ಸರಕಿನಿಂದ ಕಬ್ಬಿಣ ಹೆಕ್ಕೋಕೆ ಬೆಲ್ಟ್ ಮೇಲೆ ನೇತು ಹಾಕಿರೋ ಮ್ಯಾಗ್ನೆಟ್ ಸೆಪರೇಟರ್ ಕಬ್ಬಿಣ ಹಿಡೀತಿಲ್ಲ ಅಂದ್ರೂ ಅದೇ ಮಾತು. ಪಾಪ ಮ್ಯಾಗ್ನೆಟ್ಟಿಗೆ ಬಾಯಿಲ್ಲ, ಯಾರು ಏನಂದ್ರೂ ಸುಮ್ನೆ ಅನ್ನಿಸ್ಕೊಂಡು ಕೂತಿರುತ್ತೆ. ಆದ್ರೆ ರಿಪೇರಿ ಕೆಲಸ ಮಾಡೋರು ಯಾರನ್ನಾದ್ರೂ ಕೇಳಿ, ಆ ಕಪ್ಪು ಬೂದು ಬಣ್ಣದ, ನಡುವೆ ತೂತಿರೋ ಸೆರಾಮಿಕ್ ರಿಂಗ್ ಮ್ಯಾಗ್ನೆಟ್ ಸುಮ್ನೆ ಇದ್ದಲ್ಲೇ ವರ್ಷಗಟ್ಟಲೆ ಇದ್ದು ಪವರ್ ಕಳ್ಕೊಂಡಿದ್ದು ತುಂಬಾ ಅಪರೂಪ. ಅದು ಒಡೆಯುತ್ತೆ, ಅಂಟು ಬಿಟ್ಟು ಜರುಗುತ್ತೆ, ಉಲ್ಟಾ ಕೂರುತ್ತೆ, ಕಬ್ಬಿಣದ ಪುಡಿ ಎಳ್ಕೊಂಡು ತನ್ನ ದಾರಿ ತಾನೇ ಕಟ್ಕೊಳ್ಳುತ್ತೆ. ಹಾಗಾಗಿ ಫಾಲ್ಟ್ ಹುಡುಕೋವಾಗ ಮ್ಯಾಗ್ನೆಟ್ ಸುತ್ತಮುತ್ತ ಏನಾಗಿದೆ ಅಂತ ಮೊದಲು ನೋಡಿ, ಮ್ಯಾಗ್ನೆಟ್ ಮೇಲೆ ಅನುಮಾನ ಕೊನೇಲಿರಲಿ.

ಮೊದಲು ಇದು ಎಂಥಾ ವಸ್ತು ಅಂತ ತಿಳ್ಕೊಳ್ಳಿ

ಸೆರಾಮಿಕ್ ಮ್ಯಾಗ್ನೆಟ್, ಫೆರೈಟ್ ಮ್ಯಾಗ್ನೆಟ್ ಎರಡೂ ಒಂದೇ. ಐರನ್ ಆಕ್ಸೈಡ್ ಜೊತೆ ಸ್ಟ್ರಾನ್ಷಿಯಂ ಅಥವಾ ಬೇರಿಯಂ ಕಾರ್ಬೊನೇಟ್ ಬೆರೆಸಿ ಸುಟ್ಟು, ಅರೆದು ನುಣ್ಣಗೆ ಪುಡಿ ಮಾಡಿ, ಅಚ್ಚಲ್ಲಿ ಒತ್ತಿ, ಮತ್ತೆ 1200 ಡಿಗ್ರಿ ಆಸುಪಾಸಲ್ಲಿ ಬೇಯಿಸಿ ಮಾಡ್ತಾರೆ. ಫಿಲಿಪ್ಸ್ ಲ್ಯಾಬ್‌ನವರು 1952ರಲ್ಲಿ ಬೇರಿಯಂ ಫೆರೈಟ್ ಬಗ್ಗೆ ಫೆರಾಕ್ಸ್‌ಡ್ಯೂರ್ ಅನ್ನೋ ಹೆಸರಲ್ಲಿ ಬರೆದು ಪ್ರಕಟಿಸಿದ್ರು, ಆಮೇಲೆ ಅಗ್ಗದ ಸ್ಪೀಕರು, ಸಣ್ಣ ಮೋಟರು ಎಲ್ಲಾ ಕಡೆ ಇದೇ ಹಬ್ಬಿಬಿಡ್ತು. ಒಟ್ಟಲ್ಲಿ ಇದು ಲೋಹ ಅಲ್ಲ, ಸುಟ್ಟ ಮಣ್ಣಿನ ಬಿಲ್ಲೆ ಜಾತಿಗೆ ಸೇರಿದ್ದು. ಅದಕ್ಕೇ ತುಕ್ಕು ಹಿಡಿಯಲ್ಲ, ಕರೆಂಟ್ ಹರಿಯಲ್ಲ, ಆದ್ರೆ ಕೈಜಾರಿ ಬಿದ್ರೆ ಚಕ್ಕೆ ಏಳುತ್ತೆ ಇಲ್ಲಾ ಎರಡು ಹೋಳು.

ಶಾಖದ ಲೆಕ್ಕ ಗೊತ್ತಿದ್ರೆ ಅರ್ಧ ಡಯಾಗ್ನೋಸಿಸ್ ಮುಗೀತು. ಬಿಸಿ ಒಂದೊಂದು ಡಿಗ್ರಿ ಏರಿದ ಹಾಗೆ ಫೆರೈಟ್ ಶಕ್ತಿ ಸುಮಾರು 0.2 ಪರ್ಸೆಂಟ್ ಇಳಿಯುತ್ತೆ, ಅಂದ್ರೆ 20 ಡಿಗ್ರಿಲಿ ಇದ್ದದ್ದು 70 ಡಿಗ್ರಿಗೆ ಹೋದ್ರೆ ಹತ್ತಿರತ್ತಿರ 10 ಪರ್ಸೆಂಟ್ ಕಮ್ಮಿ, ತಣ್ಣಗಾದ್ರೆ ವಾಪಸ್ ಬರುತ್ತೆ. ಸುಮಾರು 250 ಡಿಗ್ರಿವರೆಗೂ ತಡ್ಕೊಳ್ಳುತ್ತೆ, 450 ಡಿಗ್ರಿ ಹತ್ರ ಕ್ಯೂರಿ ಪಾಯಿಂಟ್, ಅದನ್ನ ದಾಟಿದ್ರೆ ಪೂರ್ತಿ ಸೊನ್ನೆ. ಇನ್ನೊಂದು ವಿಚಿತ್ರ ಏನಂದ್ರೆ ಎದುರು ದಿಕ್ಕಿನ ಮ್ಯಾಗ್ನೆಟಿಕ್ ಫೀಲ್ಡ್ ತಡ್ಕೊಳ್ಳೋ ತಾಕತ್ತು ಇದಕ್ಕೆ ಬಿಸೀಲಿ ಜಾಸ್ತಿ, ಚಳೀಲಿ ಕಮ್ಮಿ, ನಿಯೋಡಿಮಿಯಂ ಅನ್ನೋ ಲೋಹದ ಮ್ಯಾಗ್ನೆಟ್ಟಿಗೆ ಸರಿಯಾಗಿ ಉಲ್ಟಾ. ಹಿಮ ಬೀಳೋ ಕಡೆ ತೀರಾ ಮೈನಸ್ ಡಿಗ್ರಿಲಿ ಸ್ಟಾರ್ಟರ್ ಮೋಟರ್ ಜಾಮ್ ಆಗಿ ಭಾರಿ ಕರೆಂಟ್ ಎಳೆದಾಗ ಒಳಗಿನ ಫೆರೈಟ್ ಸ್ವಲ್ಪ ಶಕ್ತಿ ಶಾಶ್ವತವಾಗಿ ಕಳ್ಕೊಳ್ಳೋ ಸಾಧ್ಯತೆ ಇದೆ, ನಿಜವಾಗ್ಲೂ "ಪವರ್ ಹೋಯ್ತು" ಅನ್ನಬಹುದಾದ ಬೆರಳೆಣಿಕೆ ಕೇಸುಗಳಲ್ಲಿ ಇದೂ ಒಂದು.

ಕೈಲಿರೋದು ಫೆರೈಟಾ ನಿಯೋಡಿಮಿಯಮ್ಮಾ ಅಂತ ಡೌಟ್ ಇದ್ರೆ ಮಲ್ಟಿಮೀಟರ್‌ನ ಬೀಪ್ ಮೋಡ್‌ನಲ್ಲಿಟ್ಟು ಎರಡು ಕಡ್ಡಿ ಮೇಲ್ಮೈಗೆ ತಾಗ್ಸಿ. ನಿಕ್ಕಲ್ ಕೋಟಿಂಗ್ ಇರೋ ನಿಯೋಡಿಮಿಯಂ ಬೀಪ್ ಅನ್ನುತ್ತೆ, ಫೆರೈಟ್ ತೆಪ್ಪಗಿರುತ್ತೆ. ಈ ವ್ಯತ್ಯಾಸ ಯಾಕೆ ಬೇಕಂದ್ರೆ ಮಾಮೂಲಿ ಗ್ರೇಡ್ ನಿಯೋಡಿಮಿಯಂ 80 ಡಿಗ್ರಿಗೇ ಸುಸ್ತಾಗೋಕೆ ಶುರು ಮಾಡುತ್ತೆ, ತುಕ್ಕೂ ಹಿಡಿಯುತ್ತೆ, ಅದರ ಮೇಲೆ ಅನುಮಾನ ಪಟ್ರೆ ತಪ್ಪಿಲ್ಲ.

ಮ್ಯಾಗ್ನೆಟ್ ಒಂದನ್ನೇ ಕೈಲಿಟ್ಕೊಂಡು ಚೆಕ್ ಮಾಡೋದು

ಮೊಳೆ ಅಂಟಿಸಿ ಎಳೆದು "ಹಾಂ, ಲೂಸಾಗಿದೆ" ಅನ್ನೋದು ಟೆಸ್ಟ್ ಅಲ್ಲ ರೀ. ಮೊಳೆ ತುಕ್ಕು ಹಿಡಿದಿದ್ರೆ, ಮಧ್ಯೆ ಪೇಂಟಿನ ಪದರ ಇದ್ರೆ, ಸ್ವಲ್ಪ ಓರೆಯಾಗಿ ಕೂತಿದ್ರೆ ಹಿಡಿತ ಗಣನೀಯವಾಗಿ ಇಳಿದುಬಿಡುತ್ತೆ. ಅದರ ಬದಲು ಮರದ ಟೇಬಲ್ ಮೇಲೆ ಒಂದು ಪ್ಲಾಸ್ಟಿಕ್ ಸ್ಕೇಲ್ ಇಟ್ಟು, ಅದರ ಸೊನ್ನೆ ಗೆರೆ ಹತ್ರ ಒಂದು ಪೇಪರ್ ಕ್ಲಿಪ್ ಇಟ್ಟು, ದೂರದಿಂದ ಮ್ಯಾಗ್ನೆಟ್‌ನ ನಿಧಾನಕ್ಕೆ ಜರುಗಿಸ್ತಾ ಬನ್ನಿ. ಕ್ಲಿಪ್ ಮೊದಲು ಮಿಸುಕಾಡುತ್ತೆ, ತುದಿ ಮ್ಯಾಗ್ನೆಟ್ ಕಡೆ ತಿರುಗುತ್ತೆ, ಆಮೇಲೆ ಟಕ್ ಅಂತ ಹಾರಿ ಅಂಟ್ಕೊಳ್ಳುತ್ತೆ. ಹಾರಿದ ಕ್ಷಣದಲ್ಲಿ ಮ್ಯಾಗ್ನೆಟ್ ಎಷ್ಟು ಮಿಲಿಮೀಟರ್‌ನಲ್ಲಿತ್ತು ಅಂತ ಬರ್ಕೊಳ್ಳಿ. ಅದೇ ಅಳತೆಯ ಹೊಸ ಮ್ಯಾಗ್ನೆಟ್ ಇದ್ರೆ ಅದೇ ಕ್ಲಿಪ್, ಅದೇ ಜಾಗ, ಅದೇ ಮುಖ ಇಟ್ಟು ಮತ್ತೊಮ್ಮೆ ನೋಡಿ. ಒಂದೆರಡು ಮಿಲಿಮೀಟರ್ ಹೆಚ್ಚುಕಮ್ಮಿ ಬಂದ್ರೆ ಅದು ಕೈ ನಡುಕ, ತಲೆ ಕೆಡಿಸ್ಕೊಬೇಡಿ. ಅರ್ಧಕ್ಕರ್ಧ ಬಂದ್ರೆ ಮಾತ್ರ ಮ್ಯಾಗ್ನೆಟ್ ಕಡೆ ತಿರುಗಿ ನೋಡಬೇಕು.

ಗಾಸ್ ಮೀಟರ್ (ಮ್ಯಾಗ್ನೆಟಿಕ್ ಫೀಲ್ಡ್ ಅಳೆಯೋ ಮೀಟರ್) ಇರೋರು ಒಂದು ವಿಷಯ ನೆನಪಿಡಿ, ಇಲ್ಲಿ ಬಹಳ ಜನ ಬೇಸ್ತು ಬೀಳ್ತಾರೆ. ಮೀಟರಿನ ಕಡ್ಡೀನ ರಿಂಗಿನ ತೂತಿನ ಮಧ್ಯ ಹಿಡಿದ್ರೆ ರೀಡಿಂಗ್ ತೀರಾ ಕಮ್ಮಿ ಬರುತ್ತೆ, ಕೆಲವೊಮ್ಮೆ ಮೈನಸ್ ಬರುತ್ತೆ, ಆಗ "ಮ್ಯಾಗ್ನೆಟ್ ಸತ್ತಿದೆ" ಅಂತ ಬರೆದುಬಿಡ್ತಾರೆ. ಒಂದು ಮುಖ ನಾರ್ತು ಇನ್ನೊಂದು ಮುಖ ಸೌತು ಆಗಿರೋ ರಿಂಗಿನಲ್ಲಿ ಫೀಲ್ಡ್ ವಾಪಸ್ ಬರೋ ಒಂದು ದಾರಿ ಆ ತೂತೇ, ಅಲ್ಲಿ ದಿಕ್ಕು ಉಲ್ಟಾ ಇರೋದೇ ಸರಿ. ಅಳೆಯಬೇಕಾದ್ದು ಮುಖದ ಮೇಲೆ, ಒಳ ಅಂಚಿಗೂ ಹೊರ ಅಂಚಿಗೂ ನಡುವೆ, ಸುತ್ತ ನಾಲ್ಕೈದು ಜಾಗದಲ್ಲಿ. ಬಿಡಿ ಫೆರೈಟ್ ರಿಂಗಿನ ಮೇಲೆ ಸಾಮಾನ್ಯವಾಗಿ 500ರಿಂದ 1000 ಗಾಸ್ ಆಸುಪಾಸು ಕಾಣುತ್ತೆ, ದಪ್ಪ ಅಗಲದ ಮೇಲೆ ಹೆಚ್ಚುಕಮ್ಮಿ. ಸಂಖ್ಯೆ ಎಷ್ಟು ಅನ್ನೋದಕ್ಕಿಂತ ಸುತ್ತಲೂ ಒಂದೇ ತರ ಇದ್ಯಾ ಅನ್ನೋದು ಮುಖ್ಯ, ಒಂದು ಜಾಗದಲ್ಲಿ ಮಾತ್ರ ಧಡಕ್ಕನೆ ಬೀಳ್ತಿದ್ರೆ ಅಲ್ಲಿ ಬಿರುಕೋ ಚಕ್ಕೆ ಹೋಗಿರೋದೋ ಇರುತ್ತೆ.

ಪೋಲ್ ಯಾವ ಕಡೆ ಅಂತ ನೋಡೋಕೆ ದಿಕ್ಸೂಚಿ ಸಾಕು, ಉತ್ತರ ತೋರಿಸೋ ಮುಳ್ಳು ಮ್ಯಾಗ್ನೆಟ್‌ನ ಸೌತ್ ಮುಖಕ್ಕೆ ತಿರುಗುತ್ತೆ. ತೀರಾ ಹತ್ತಿರ ತಗೊಂಡು ಹೋಗ್ಬೇಡಿ, ಮುಳ್ಳೇ ಉಲ್ಟಾ ಮ್ಯಾಗ್ನೆಟೈಸ್ ಆಗಿ ಆಮೇಲೆ ಅದು ಹೇಳೋದೆಲ್ಲಾ ಸುಳ್ಳು. ಫೋನಿನ ಆಪ್‌ನಲ್ಲೂ ನೋಡಬಹುದು, ಅದೂ ದೂರದಿಂದಲೇ.

ಬಿರುಕಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳ್ತೀನಿ. ರಿಂಗ್ ಎರಡು ಹೋಳಾಯ್ತು ಅಂತಿಟ್ಕೊಳ್ಳಿ, ಎರಡನ್ನೂ ಮೊದಲಿದ್ದ ಹಾಗೆ ಜೋಡಿಸೋಕೆ ಹೋದ್ರೆ ಒಂದನ್ನೊಂದು ದೂಡ್ತವೆ, ಯಾಕಂದ್ರೆ ನಾರ್ತ್ ಪಕ್ಕ ನಾರ್ತು, ಸೌತ್ ಪಕ್ಕ ಸೌತು ಬಂದಿರುತ್ತೆ. ಒಂದು ಹೋಳನ್ನ ಮಗುಚಿ ಹಿಡಿದ್ರೆ ಗಬಕ್ಕನೆ ಅಂಟ್ಕೊಳ್ಳುತ್ತೆ. ಹೊಸಬರು ಖುಷಿಯಿಂದ ಹಾಗೇ ಅಂಟಿಸಿ ಬಿಡ್ತಾರೆ, ಈಗ ಅರ್ಧ ರಿಂಗ್ ನಾರ್ತ್ ಮೇಲೆ ಇನ್ನರ್ಧ ಸೌತ್ ಮೇಲೆ, ಕೆಲಸ ಪೂರ್ತಿ ಕೆಟ್ಟಂಗೆ. ದೂಡ್ಕೊಂಡೇ ಕ್ಲಾಂಪ್ ಹಾಕಿ ಅಂಟಿಸಬೇಕು, ಅದೇ ಸರಿಯಾದ ಜೋಡಣೆ. ಇನ್ನು ಎರಡು ಕಬ್ಬಿಣದ ಪ್ಲೇಟ್ ಮಧ್ಯೆ ಸೇರ್ಕೊಂಡಿರೋ ಮ್ಯಾಗ್ನೆಟ್‌ನಲ್ಲಿ ಕೂದಲೆಳೆ ಬಿರುಕು ಬಿಟ್ಟಿದ್ರೆ ಅದರಿಂದ ಶಕ್ತಿ ಅಂಥಾ ಕಮ್ಮಿ ಏನೂ ಆಗಲ್ಲ, ಫೀಲ್ಡ್ ಮೇಲಿಂದ ಕೆಳಕ್ಕೆ ಹೋಗ್ತಿರುತ್ತೆ, ಬಿರುಕೂ ಮೇಲಿಂದ ಕೆಳಕ್ಕೇ ಇರುತ್ತೆ, ಅಡ್ಡ ಬರಲ್ಲ.

ಸ್ಪೀಕರ್

ಸ್ಪೀಕರ್ ಹಿಂದೆ ಒಂದು ಕಬ್ಬಿಣದ ಪ್ಲೇಟು, ಅದರ ನಡುವಿಂದ ಎದ್ದಿರೋ ಕಂಬ, ಕಂಬದ ಸುತ್ತ ರಿಂಗ್ ಮ್ಯಾಗ್ನೆಟ್ಟು, ಮ್ಯಾಗ್ನೆಟ್ ಮೇಲೆ ಇನ್ನೊಂದು ಪ್ಲೇಟು. ಮೇಲಿನ ಪ್ಲೇಟಿನ ತೂತಿಗೂ ಕಂಬಕ್ಕೂ ಮಧ್ಯೆ ಉಳಿಯೋ ಸಣ್ಣ ಸಂದಿಲಿ ವಾಯ್ಸ್ ಕಾಯಿಲ್, ಅಂದ್ರೆ ಮುಂದಿನ ಕೋನ್ ಆಕಾರದ ಹಾಳೆನ ಅಲ್ಲಾಡಿಸೋ ತಂತಿ ಸುರುಳಿ, ಓಡಾಡಬೇಕು. ಈ ಸಂದಿ ಒಂದು ಮಿಲಿಮೀಟರ್ ಆಸುಪಾಸು, ಕಾಯಿಲ್ ಹೊಕ್ಕ ಮೇಲೆ ಆಚೆ ಈಚೆ ಉಳಿಯೋದು ಅದಕ್ಕಿಂತ ತುಂಬಾ ಕಮ್ಮಿ, ಅದಕ್ಕೇ ಮ್ಯಾಗ್ನೆಟ್ ಕೂದಲಷ್ಟು ಜರುಗಿದ್ರೂ ತಂಟೆ.

ಸೌಂಡೇ ಇಲ್ಲ ಅಂದ್ರೆ ಮೊದಲು ವೈರ್ ಬಿಚ್ಚಿ ಮಲ್ಟಿಮೀಟರ್‌ನಲ್ಲಿ ಕಾಯಿಲ್ ಓಮ್ಸ್ ನೋಡಿ. 8 ಓಮ್ ಸ್ಪೀಕರ್ ಮೀಟರ್‌ನಲ್ಲಿ 6 ಆಸುಪಾಸು ತೋರಿಸುತ್ತೆ, 4 ಓಮ್‌ದು 3 ಚಿಲ್ಲರೆ, ಅದು ಸರಿ ಇದೆ ಅಂತಲೇ ಅರ್ಥ. ಏನೂ ತೋರಿಸ್ತಿಲ್ಲ ಅಂದ್ರೆ ಕಾಯಿಲ್ ಸುಟ್ಟಿದೆ ಅಥವಾ ಕೋನ್‌ಗೆ ಹೋಗೋ ಜಡೆವೈರ್ ತುಂಡಾಗಿದೆ, ಮ್ಯಾಗ್ನೆಟ್‌ಗೂ ಇದಕ್ಕೂ ಸಂಬಂಧ ಇಲ್ಲ, ಇಲ್ಲಿಗೇ ನಿಲ್ಸಿ.

ಓಮ್ಸ್ ಸರಿ ಇದ್ದು ಸೌಂಡ್ ಕರಕರ ಅಂತಿದ್ರೆ ಅಥವಾ ಇಲ್ಲವೇ ಇಲ್ಲ ಅಂದ್ರೆ ಕೋನ್‌ನ ಒತ್ತಿ ನೋಡಬೇಕು. ಎರಡೂ ಕೈಯ ಬೆರಳುಗಳನ್ನ ಕೋನ್ ಸುತ್ತ ಸಮನಾಗಿ ಹರಡಿ, ಒಂದೇ ಹದದಲ್ಲಿ ಒಳಕ್ಕೆ ಒತ್ತಿ ಬಿಡಿ, ಕಿವಿ ಹತ್ರ ಇಟ್ಕೊಂಡು ಕೇಳಿ. ಒಂದೇ ಬೆರಳಲ್ಲಿ ಒಂದೇ ಕಡೆ ಒತ್ತಿದ್ರೆ ಒಳ್ಳೆ ಸ್ಪೀಕರೂ ಉಜ್ಜುತ್ತೆ, ಅದು ಲೆಕ್ಕಕ್ಕಿಲ್ಲ. ಸಮನಾಗಿ ಒತ್ತಿದಾಗ ನಿಶ್ಶಬ್ದವಾಗಿ ಹೋಗಿ ಬಂದ್ರೆ ಸಂದಿ ಸರಿ ಇದೆ. ಸಣ್ಣಗೆ ಮರಳು ಉಜ್ಜಿದ ಸದ್ದು ಬಂದ್ರೆ ಸಂದೀಲಿ ಕಸ, ಅದರಲ್ಲೂ ಕಬ್ಬಿಣದ ಪುಡಿ ಇಲ್ಲಾ ಮ್ಯಾಗ್ನೆಟ್‌ನದೇ ಚಕ್ಕೆ. ಒಂದೇ ಕಡೆ ಗಟ್ಟಿಯಾಗಿ ಉಜ್ಜಿದ್ರೆ ಕಾಯಿಲ್ ವಾಲಿದೆ ಅಥವಾ ಸುಟ್ಟು ಉಬ್ಬಿದೆ. ಅಲ್ಲಾಡೋದೇ ಇಲ್ಲ, ಕಲ್ಲಿನ ತರ ಕೂತಿದೆ ಅಂದ್ರೆ ಮ್ಯಾಗ್ನೆಟ್ ಜರುಗಿರೋ ಸಾಧ್ಯತೆನೇ ಹೆಚ್ಚು, ಅದರಲ್ಲೂ ಸ್ಪೀಕರ್ ಬಿದ್ದಿದ್ರೆ ಇಲ್ಲಾ ಗಾಡೀಲಿ ದೂರ ಕುಲುಕಾಡ್ಕೊಂಡು ಬಂದಿದ್ರೆ. ಹಿಂದೆ ತಿರುಗಿಸಿ ಮ್ಯಾಗ್ನೆಟ್ ಅಂಚಿಗೂ ಪ್ಲೇಟ್ ಅಂಚಿಗೂ ಇರೋ ಅಂತರ ಸುತ್ತಲೂ ನೋಡಿ. ಒಂದು ಕಡೆ ಪ್ಲೇಟ್ ಹೊರಗೆ ಇಣುಕ್ತಾ ಇರುತ್ತೆ, ಎದುರು ಕಡೆ ಒಳಗೆ ಹೋಗಿರುತ್ತೆ, ಹಳೇ ಅಂಟಿನ ಗುರುತು ಅರ್ಧಚಂದ್ರದ ಹಾಗೆ ಕಾಣುತ್ತೆ.

ಜರುಗಿದ್ದನ್ನ ಸರಿ ಮಾಡೋದು ಸಾಧ್ಯ, ಆದ್ರೆ ತಾಳ್ಮೆ ಬೇಕು. ಮಧ್ಯದ ಡಸ್ಟ್ ಕ್ಯಾಪ್‌ನ ಬ್ಲೇಡ್‌ನಲ್ಲಿ ನಾಜೂಕಾಗಿ ಎಬ್ಬಿಸಿ, ಮ್ಯಾಗ್ನೆಟ್‌ನ ಮರದ ಕಟ್ಟಿಗೆ ಇಟ್ಟು ಸ್ವಲ್ಪ ಸ್ವಲ್ಪ ತಟ್ಟಿ ಮಧ್ಯಕ್ಕೆ ತರಬೇಕು, ಕಂಬಕ್ಕೂ ಕಾಯಿಲ್‌ಗೂ ಮಧ್ಯೆ ಜಾಗ ಬಿಡ್ತಿದ್ದ ಹಾಗೇ ಒಂದೇ ದಪ್ಪದ ಪ್ಲಾಸ್ಟಿಕ್ ಹಾಳೆ ಪಟ್ಟಿಗಳನ್ನ ಸುತ್ತಲೂ ಇಳಿಸ್ತಾ ಹೋಗಬೇಕು. ಕಬ್ಬಿಣದ ಸುತ್ತಿಗೇಲಿ ನೇರ ಮ್ಯಾಗ್ನೆಟ್‌ಗೆ ಹೊಡೆದ್ರೆ ಚಕ್ಕೆ ಏಳುತ್ತೆ, ಆ ಚಕ್ಕೆ ನೇರ ಸಂದಿಗೇ ಹೋಗಿ ಅಂಟ್ಕೊಳ್ಳುತ್ತೆ, ಕಣ್ಣಿಗೂ ಹಾರಬಹುದು, ಕನ್ನಡಕ ಹಾಕ್ಕೊಳ್ಳಿ. ಮಧ್ಯಕ್ಕೆ ಬಂದ ಮೇಲೆ ಎರಡು ಭಾಗ ಕಲಸೋ ಎಪಾಕ್ಸಿನ ಅಂಚಿನ ಸುತ್ತ ಹಾಕಿ, ಪಟ್ಟಿಗಳನ್ನ ತೆಗೀದೆ ಒಂದು ದಿನ ಪೂರ್ತಿ ಬಿಡಿ. ಪೂರ್ತಿ ಬಿಚ್ಚಿ ಮತ್ತೆ ಜೋಡಿಸ್ತೀನಿ ಅಂತ ಮಾತ್ರ ಹೋಗ್ಬೇಡಿ, ಮೇಲಿನ ಪ್ಲೇಟು ಬೆರಳನ್ನ ಸೇರಿಸ್ಕೊಂಡೇ ಕಚ್ಕೊಳ್ಳುತ್ತೆ. ಫ್ಯಾಕ್ಟರೀಲಿ ಸಾಮಾನ್ಯವಾಗಿ ಮ್ಯಾಗ್ನೆಟೈಸ್ ಮಾಡದೇ ಇರೋ ರಿಂಗ್ ಇಟ್ಟು ಜೋಡಿಸಿ ಆಮೇಲೆ ಮ್ಯಾಗ್ನೆಟೈಸ್ ಮಾಡ್ತಾರೆ, ಸುಲಭವಾಗಿ ಜೋಡಿಸಬಹುದು ಅಂತಲೂ ಕಬ್ಬಿಣದ ಪುಡಿ ಅಂಟದೇ ಇರಲಿ ಅಂತಲೂ.

ಸಂದೀಲಿರೋ ಪುಡಿ ತೆಗೆಯೋಕೆ ಊದಿದ್ರೆ ಬರಲ್ಲ, ಕಬ್ಬಿಣದ ಪುಡಿ ಮ್ಯಾಗ್ನೆಟ್ ಬಿಟ್ಟು ಎಲ್ಲಿಗೂ ಹೋಗಲ್ಲ. ತೆಳ್ಳನೆ ಕಾರ್ಡ್ ತುಂಡಿಗೆ ಎರಡೂ ಕಡೆ ಅಂಟೋ ಟೇಪ್ ಸುತ್ತಿ ಸಂದಿಯೊಳಗೆ ಇಳಿಸಿ ಸುತ್ತ ಓಡಿಸಿ, ಟೇಪ್ ಕಪ್ಪಾಗಿ ಬರುತ್ತೆ, ಬಿಳೀ ಆಗಿ ಬರೋವರೆಗೂ ಬದಲಾಯಿಸ್ತಾ ಇರಿ.

ಈಗ "ಬೇಸ್ ಬರ್ತಿಲ್ಲ, ಮ್ಯಾಗ್ನೆಟ್ ಡೌನ್" ಅನ್ನೋ ಕಂಪ್ಲೇಂಟ್. ಎರಡು ಸ್ಪೀಕರ್ ಇರೋ ಸೆಟ್ ಆದ್ರೆ ಮೊದಲು 1.5 ವೋಲ್ಟ್ ಬ್ಯಾಟರಿ ತಗೊಂಡು ಪ್ಲಸ್ಸಿಗೆ ಪ್ಲಸ್ಸು ಮೈನಸ್ಸಿಗೆ ಮೈನಸ್ಸು ಒಂದು ಕ್ಷಣ ಮುಟ್ಟಿಸಿ, ಸಾಮಾನ್ಯವಾಗಿ ಕೋನ್ ಹೊರಕ್ಕೆ ಬರಬೇಕು. ಎರಡರಲ್ಲಿ ಒಂದು ಒಳಕ್ಕೆ ಹೋದ್ರೆ ವೈರ್ ಉಲ್ಟಾ ಇದೆ ಅಥವಾ ರಿಪೇರಿ ಮಾಡಿದೋರು ಕಾಯಿಲ್ ಇಲ್ಲಾ ಮ್ಯಾಗ್ನೆಟ್‌ನ ಉಲ್ಟಾ ಹಾಕಿದ್ದಾರೆ, ಒಂದು ಗಾಳೀನ ತಳ್ತಿರೋವಾಗ ಇನ್ನೊಂದು ಎಳೀತಿರುತ್ತೆ, ಬೇಸ್ ಅಲ್ಲೇ ಸತ್ತೋಗುತ್ತೆ. ಆ ಒಂದರ ವೈರ್ ಅದಲು ಬದಲು ಮಾಡಿ, ಮುಗೀತು.

ಜೋರಾಗಿ ಹಾಕಿ ಅರ್ಧ ಗಂಟೆ ಆದ್ಮೇಲೆ ಸೌಂಡ್ ಇಳಿಯುತ್ತೆ ಅನ್ನೋದೂ ಮ್ಯಾಗ್ನೆಟ್ ತಲೆಗೇ ಕಟ್ಟೋ ಆರೋಪ. ಮ್ಯಾಗ್ನೆಟ್ ಪಾಲು ಸ್ವಲ್ಪ ಇದೆ, ಆದ್ರೆ ದೊಡ್ಡ ಪಾಲು ಕಾಯಿಲ್‌ದು, ತಾಮ್ರದ ರೆಸಿಸ್ಟೆನ್ಸ್ ಡಿಗ್ರಿಗೆ 0.39 ಪರ್ಸೆಂಟ್ ಏರುತ್ತೆ, ಕಾಯಿಲ್ 100 ಡಿಗ್ರಿ ಜಾಸ್ತಿ ಬಿಸಿ ಆದ್ರೆ ಓಮ್ಸ್ 39 ಪರ್ಸೆಂಟ್ ಜಾಸ್ತಿ, ಕರೆಂಟ್ ಸುಮಾರು 28 ಪರ್ಸೆಂಟ್ ಕಮ್ಮಿ. ತಣ್ಣಗಾದ ಮೇಲೆ ಮೊದಲಿನ ಹಾಗೇ ಆದ್ರೆ ಏನೂ ಬದಲಾಯಿಸೋ ಹಾಗಿಲ್ಲ, ವಾಲ್ಯೂಮ್ ಇಳಿಸಿ ಅಷ್ಟೇ.

ಹಳೇ ಡಬ್ಬಾ ಟಿವಿ ಕಾಲದ ಸ್ಪೀಕರ್‌ಗಳ ಹಿಂದೆ ಎರಡನೇ ರಿಂಗ್ ಅಂಟಿಸಿರ್ತಾರೆ, ಅದು ಉದುರಿ ಬಿದ್ರೆ ಗಾಬರಿ ಬೇಡ, ಪಿಕ್ಚರ್ ಟ್ಯೂಬ್ ಬಣ್ಣ ಕೆಡದೇ ಇರಲಿ ಅಂತ ಫೀಲ್ಡ್ ಹೊರಗೆ ಸೋರೋದನ್ನ ತಡೆಯೋಕೆ ಇಟ್ಟಿದ್ದು. ಅದಿಲ್ಲದೇನೂ ಸ್ಪೀಕರ್ ಹಾಡುತ್ತೆ. ವಾಪಸ್ ಅಂಟಿಸಲೇಬೇಕು ಅಂದ್ರೆ ಎರಡು ಮ್ಯಾಗ್ನೆಟ್ ಒಂದನ್ನೊಂದು ದೂಡೋ ಮುಖವೇ ಸರಿಯಾದ ಮುಖ.

ಮೈಕ್ರೋವೇವ್ ಓವನ್

ಇಲ್ಲಿ ಮೊದಲೇ ಹೇಳಿಬಿಡ್ತೀನಿ, ಒಳಗಿನ ಹೈ ವೋಲ್ಟೇಜ್ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಜೀವ ತೆಗೆಯೋಷ್ಟು ಚಾರ್ಜ್ ಇಟ್ಕೊಂಡಿರಬಹುದು. ಸುಮಾರು ಎರಡು ಸಾವಿರ ವೋಲ್ಟಿನ ವ್ಯವಹಾರ. ಡಿಸ್ಚಾರ್ಜ್ ಮಾಡೋದು ಕಲಿತಿರದೇ ಇದ್ರೆ ಕವರ್ ಬಿಚ್ಚಬೇಡಿ, ಕೆಳಗಿನದ್ದು ಓದ್ಕೊಂಡು ಮೆಕ್ಯಾನಿಕ್ ಹೇಳೋದನ್ನ ಅರ್ಥ ಮಾಡ್ಕೊಳ್ಳೋಕೆ ಬಳಸಿ.

ಮ್ಯಾಗ್ನೆಟ್ರಾನ್ ಅನ್ನೋ ಭಾಗದಲ್ಲಿ ಮೇಲೊಂದು ಕೆಳಗೊಂದು ಎರಡು ಫೆರೈಟ್ ರಿಂಗ್ ಇರ್ತವೆ. ಬಿಸಿ ಫಿಲಮೆಂಟ್‌ನಿಂದ ಹೊರಟ ಎಲೆಕ್ಟ್ರಾನ್‌ಗಳನ್ನ ನೇರ ಗೋಡೆಗೆ ಹೋಗಕ್ಕೆ ಬಿಡದೆ ಸುತ್ತು ಹಾಕಿಸೋದು ಇವುಗಳ ಕೆಲಸ, ಆ ಸುತ್ತಾಟದಿಂದಲೇ 2.45 ಗಿಗಾಹರ್ಟ್ಸ್ ಅಲೆ ಹುಟ್ಟೋದು. ಒಂದು ರಿಂಗ್ ಒಡೆದು ಫೀಲ್ಡ್ ಇಳಿದ್ರೆ ಎಲೆಕ್ಟ್ರಾನ್‌ಗಳು ಸುತ್ತದೇ ನೇರ ಹೋಗಿ ಬೀಳ್ತವೆ, ಕರೆಂಟ್ ವಿಪರೀತ ಎಳೆಯುತ್ತೆ, ಅಲೆ ಮಾತ್ರ ಬರಲ್ಲ. ಹಾಗಾಗಿ ಲಕ್ಷಣ ಹೀಗಿರುತ್ತೆ: ಲೈಟ್ ಉರಿಯುತ್ತೆ, ತಟ್ಟೆ ತಿರುಗುತ್ತೆ, ಗುಂಯ್ ಸದ್ದು ಮಾಮೂಲಿಗಿಂತ ದಪ್ಪಗೆ ಬರುತ್ತೆ, ನೀರು ಸರಿಯಾಗಿ ಬಿಸಿ ಆಗಲ್ಲ ಅಥವಾ ಆಗೋದೇ ಇಲ್ಲ, ಕೆಲವು ಸಲ ಫ್ಯೂಸ್ ಹಾರುತ್ತೆ. ಸದ್ದು ದಪ್ಪ ಆಗೋದು ಡಯೋಡ್ ಶಾರ್ಟ್ ಆದಾಗಲೂ ಇದೆ, ಅದಕ್ಕೇ ಡಯೋಡ್, ಕೆಪಾಸಿಟರ್, ಬಾಗಿಲ ಸ್ವಿಚ್ ಎಲ್ಲಾ ನೋಡಿ ಆಮೇಲೆ ಇತ್ತ ಬರಬೇಕು. ಫಿಲಮೆಂಟ್ ಒಂದು ಓಮ್‌ಗಿಂತ ಕಮ್ಮಿ, ಫಿಲಮೆಂಟಿಗೂ ಹೊರಗಿನ ಲೋಹದ ಮೈಗೂ ಮಧ್ಯೆ ಕನೆಕ್ಷನ್ ಇಲ್ಲದೇ ಇದ್ರೆ ಮೀಟರ್ ಪ್ರಕಾರ ಮ್ಯಾಗ್ನೆಟ್ರಾನ್ ಪಾಸ್, ಆದ್ರೆ ಒಡೆದ ರಿಂಗ್ ಯಾವ ಮೀಟರ್‌ನಲ್ಲೂ ಸಿಗಲ್ಲ, ಟಾರ್ಚ್ ಹಾಕಿ ಕಣ್ಣಲ್ಲೇ ನೋಡಬೇಕು. ಅಂಚಿಂದ ತೂತಿನವರೆಗೆ ಹೋಗಿರೋ ತೆಳು ಗೆರೆ, ಇಲ್ಲಾ ಎರಡು ತುಂಡು ಅಗಲವಾಗಿ ಬಾಯಿ ಬಿಟ್ಟಿರೋದು.

ಒಡೆಯೋಕೆ ಕಾರಣ ಬಹುತೇಕ ಶಾಖನೇ. ಕೂಲಿಂಗ್ ಫ್ಯಾನ್ ನಿಂತಿದ್ಯಾ, ಗಾಳಿ ಬರೋ ಜಾಗಕ್ಕೆ ಜಿಡ್ಡು ಧೂಳು ಕಟ್ಟಿದ್ಯಾ, ಒಳಗೆ ಏನೂ ಇಡದೇ ಖಾಲಿ ಓಡಿಸೋ ಅಭ್ಯಾಸ ಇದ್ಯಾ ನೋಡಿ. ಇದನ್ನ ಸರಿ ಮಾಡದೆ ಹೊಸ ಮ್ಯಾಗ್ನೆಟ್ರಾನ್ ಹಾಕಿದ್ರೆ ಅದೂ ಅದೇ ದಾರಿ. ಬರೀ ರಿಂಗ್ ಬದಲಾಯಿಸೋ ಜುಗಾಡ್ ನೋಡಿರಬಹುದು, ನನಗಂತೂ ಅದು ಇಷ್ಟ ಇಲ್ಲ, ಅಷ್ಟು ಬಿಸಿ ತಿಂದ ಮ್ಯಾಗ್ನೆಟ್ರಾನ್‌ನ ಉಳಿದ ಭಾಗಗಳ ಮೇಲೂ ನಂಬಿಕೆ ಇಡೋ ಹಾಗಿಲ್ಲ. ಹಳೇದರಿಂದ ರಿಂಗ್ ಕೀಳೋ ಹುಡುಗರಿಗೆ ಒಂದು ಮಾತು, ನಡುವಿನ ಸೆರಾಮಿಕ್ ಇನ್ಸುಲೇಟರ್‌ನ ಒಡೀಬೇಡಿ, ಕೆಲವದರಲ್ಲಿ ಬೆರಿಲಿಯಂ ಆಕ್ಸೈಡ್ ಇರಬಹುದು, ಆ ಪುಡಿ ಉಸಿರಿಗೆ ಹೋದ್ರೆ ಶ್ವಾಸಕೋಶಕ್ಕೆ ಕೆಟ್ಟದ್ದು.

ವಾಷಿಂಗ್ ಮೆಷಿನ್ ಮತ್ತು ಸೆನ್ಸರ್‌ಗಳು

ಬ್ರಷ್ ಮೋಟರ್ ಇರೋ ಫ್ರಂಟ್ ಲೋಡ್ ಮೆಷಿನ್‌ನಲ್ಲಿ ಬಟ್ಟೆ ಒಗೆಯೋ ಹೊತ್ತಲ್ಲೇ ಡ್ರಮ್ ಹುಚ್ಚು ಹಿಡಿದ ಹಾಗೆ ಸ್ಪೀಡಾಗಿ ಸುತ್ತಿ ನಿಂತು ಎರರ್ ತೋರಿಸ್ತಿದ್ರೆ ಬೋರ್ಡ್ ಹೋಗಿದೆ ಅಂತ ಹೇಳೋ ಮುಂಚೆ ಮೋಟರ್ ಹಿಂದಿನ ಟ್ಯಾಕೋ ನೋಡಿ. ಶಾಫ್ಟ್ ತುದೀಲಿ ಪುಟ್ಟ ರಿಂಗ್ ಮ್ಯಾಗ್ನೆಟ್, ಅದರ ಸುತ್ತ ಕಾಯಿಲ್, ಇಷ್ಟೇ. ಸ್ಪೀಡ್ ಎಷ್ಟಿದೆ ಅಂತ ಬೋರ್ಡಿಗೆ ಹೇಳೋದು ಇದೇ, ಇದು ಸುಮ್ನಾದ್ರೆ ಬೋರ್ಡ್ ಮೋಟರ್ ತಿರುಗ್ತಿಲ್ಲ ಅಂದ್ಕೊಂಡು ಇನ್ನೂ ಕರೆಂಟ್ ಕೊಡುತ್ತೆ. ಪ್ಲಗ್ ಕಿತ್ತು, ಕಾಯಿಲ್ ಓಮ್ಸ್ ನೋಡಿ, ಮಾಡಲ್ ಮೇಲೆ ಹತ್ತಾರರಿಂದ ನೂರಾರು ಓಮ್ ಬರುತ್ತೆ. ಆಮೇಲೆ ಮೀಟರ್‌ನ ಎಸಿ ವೋಲ್ಟ್‌ಗೆ ಹಾಕಿ ಶಾಫ್ಟ್‌ನ ಕೈಯಲ್ಲಿ ತಿರುಗಿಸಿ, ಜೋರಾಗಿ ತಿರುಗಿಸಿದಷ್ಟೂ ವೋಲ್ಟೇಜ್ ಏರಬೇಕು. ಕಾಯಿಲ್ ಸರಿ ಇದ್ದು ವೋಲ್ಟೇಜ್ ಬರ್ತಿಲ್ಲ ಅಂದ್ರೆ ಮ್ಯಾಗ್ನೆಟ್ ಶಾಫ್ಟ್ ಮೇಲೆ ಲೂಸಾಗಿ ಜಾರ್ತಿದೆ ಇಲ್ಲಾ ಒಡೆದು ಉದುರಿದೆ. ಕೈಲಿ ತಿರುಗಿಸಿದಾಗ ವೋಲ್ಟೇಜ್ ಬಂದು ಮೆಷಿನ್ ಓಡುವಾಗ ತಪ್ಪುತ್ತೆ ಅಂದ್ರೆ ಜಾರೋದೇ, ರಿಂಗ್ ಮೇಲೂ ಶಾಫ್ಟ್ ಮೇಲೂ ಒಂದೇ ಗೆರೆ ಬರೋ ಹಾಗೆ ಪೆನ್ ಎಳೆದು ಒಂದು ಸಲ ಓಡಿಸಿ ನೋಡಿ, ಗೆರೆ ತಪ್ಪಿದ್ರೆ ಕಳ್ಳ ಸಿಕ್ಕಿದ.

ಹಾಲ್ ಸೆನ್ಸರ್ (ಮ್ಯಾಗ್ನೆಟ್ ಹತ್ರ ಬಂದಿದ್ಯಾ ಅಂತ ಬೋರ್ಡಿಗೆ ಹೇಳೋ ಸೆನ್ಸರ್) ಇರೋ ಕಡೆ ಇನ್ನೊಂದು ಮಾಮೂಲಿ ತಪ್ಪು, ಬಿಚ್ಚಿ ಜೋಡಿಸೋವಾಗ ಮ್ಯಾಗ್ನೆಟ್ ಮಗುಚಿ ಕೂತಿರೋದು. ಬಹಳಷ್ಟು ಹಾಲ್ ಸೆನ್ಸರ್‌ಗಳು ಒಂದೇ ಪೋಲ್‌ಗೆ ಓಗೊಡ್ತವೆ, ಎದುರು ಮುಖ ಬಂದ್ರೆ ಎಷ್ಟೇ ಸ್ಟ್ರಾಂಗ್ ಇದ್ರೂ ಕ್ಯಾರೇ ಅನ್ನಲ್ಲ. ಮ್ಯಾಗ್ನೆಟ್ ಹತ್ರ ಬಂದ್ರೆ ಆನ್ ಆಗೋ ರೀಡ್ ಸ್ವಿಚ್‌ಗೆ ಪೋಲ್ ಭೇದ ಇಲ್ಲ, ಆದ್ರೆ ಒಡೆದ ಫೆರೈಟ್ ಬದಲು ಪವರ್ ಜಾಸ್ತಿ ಇರ್ಲಿ ಅಂತ ನಿಯೋಡಿಮಿಯಂ ಹಾಕಿದ್ರೆ ಬಾಗಿಲು ತೆಗೆದ ಮೇಲೂ ಸ್ವಿಚ್ ಆನ್ ಆಗೇ ಉಳಿಯುತ್ತೆ. ಗೀಸರ್ ಫ್ಲೋ ಸೆನ್ಸರ್ ಒಳಗಿನ ಚಕ್ರ ಸಿಕ್ಕಾಕ್ಕೊಂಡಿದ್ರೆ ನೀರಲ್ಲಿ ಬಂದ ತುಕ್ಕಿನ ಪುಡಿ ಮ್ಯಾಗ್ನೆಟ್‌ಗೆ ಗಡ್ಡದ ಹಾಗೆ ಬೆಳೆದಿರುತ್ತೆ, ಒರೆಸಿ ಹಾಕಿ. ಕಂಪ್ಯೂಟರ್ ಕೂಲಿಂಗ್ ಫ್ಯಾನ್ ನಿಂತ್ರೆ ಬೇರಿಂಗ್ ನೋಡಿ, ಒಳಗಿನ ಮ್ಯಾಗ್ನೆಟ್ ಪಟ್ಟಿ ಕೆಡೋದು ಕಮ್ಮಿ.

ಮ್ಯಾಗ್ನೆಟ್ ಡ್ರೈವ್ ಪಂಪ್

ಕೆಮಿಕಲ್ ಓಡಿಸೋ ಪಂಪ್‌ಗಳಲ್ಲಿ ಮೋಟರ್ ಕಡೆ ಒಂದು ಮ್ಯಾಗ್ನೆಟ್ ರಿಂಗ್, ಮುಚ್ಚಿದ ಗೋಡೆ ಆಚೆ ಇಂಪೆಲ್ಲರ್ (ದ್ರವ ತಳ್ಳೋ ಚಕ್ರ) ಕಡೆ ಇನ್ನೊಂದು, ಶಾಫ್ಟ್ ಇಲ್ಲದೇ ಒಂದು ಇನ್ನೊಂದನ್ನ ಎಳ್ಕೊಂಡು ತಿರುಗಿಸುತ್ತೆ, ಸೀಲ್ ಇಲ್ಲ, ಲೀಕ್ ಇಲ್ಲ. ಮೋಟರ್ ಓಡ್ತಿದೆ ಫ್ಲೋ ಇಲ್ಲ ಅಂದ್ರೆ ಕ್ಲಾಂಪ್ ಮೀಟರ್ ಹಾಕಿ ಕರೆಂಟ್ ನೋಡಿ. ಕರೆಂಟ್ ಮಾಮೂಲಿಗಿಂತ ಕಮ್ಮಿ ಇದ್ರೆ ಹಿಡಿತ ತಪ್ಪಿರಬಹುದು, ಖಾಲಿ ಓಡಿದ್ರೂ ಹಾಗೇ ಕಾಣುತ್ತೆ ಅದಕ್ಕೇ ಸಕ್ಷನ್ ಕಡೆ ದ್ರವ ಇದ್ಯಾ ಅಂತಲೂ ನೋಡಿ. ಪೂರ್ತಿ ನಿಲ್ಸಿ ಮತ್ತೆ ಸ್ಟಾರ್ಟ್ ಮಾಡಿದಾಗ ಫ್ಲೋ ಬಂದು ಸ್ವಲ್ಪ ಹೊತ್ತಿಗೆ ಮತ್ತೆ ಹೋದ್ರೆ ಹಿಡಿತ ತಪ್ತಿರೋ ಸಾಧ್ಯತೆನೇ ಹೆಚ್ಚು, ಆಗ ದ್ರವ ದಪ್ಪ ಆಗಿದ್ಯಾ, ಇಂಪೆಲ್ಲರ್‌ಗೆ ಏನಾದ್ರೂ ಸಿಕ್ಕಾಕ್ಕೊಂಡಿದ್ಯಾ ಹುಡುಕಿ. ತಪ್ಪಿದ ಸ್ಥಿತೀಲೇ ಓಡಿಸ್ತಾ ಬಿಡಬೇಡಿ, ಮಧ್ಯದ ಗೋಡೆ ಲೋಹದ್ದಾದ್ರೆ ಕುದಿಯೋ ಹಾಗೆ ಬಿಸಿ ಆಗುತ್ತೆ. ಅಕ್ವೇರಿಯಂ ಪಂಪ್ ಗುಂಯ್ ಅಂದು ತಿರುಗ್ತಿಲ್ಲ ಅಂದ್ರೆ ಸುಣ್ಣದ ಪದರ ಕಟ್ಟಿರುತ್ತೆ, ವಿನಿಗರ್‌ನಲ್ಲಿ ನೆನೆಸಿ ಉಜ್ಜಿ.

ಬೆಲ್ಟ್ ಮೇಲಿನ ಸೆಪರೇಟರ್

ಮೊದಲು ಹಿಡೀತಿದ್ದ ಕಬ್ಬಿಣ ಈಗ ಹಿಡೀತಿಲ್ಲ ಅಂದ್ರೆ ಕೇಳಬೇಕಾದ ಪ್ರಶ್ನೆ ಮ್ಯಾಗ್ನೆಟ್ ಬಗ್ಗೆ ಅಲ್ಲ, ಅದನ್ನ ಎಷ್ಟು ಎತ್ತರಕ್ಕೆ ನೇತು ಹಾಕಿದ್ದೀರಿ ಅಂತ. ದೂರ ಸ್ವಲ್ಪ ಹೆಚ್ಚಾದ್ರೂ ಎಳೆತ ಕಡಿದಾಗಿ ಬೀಳುತ್ತೆ. ಮೇಂಟೆನೆನ್ಸ್‌ಗೆ ಅಂತ ಮೇಲಕ್ಕೆತ್ತಿ ವಾಪಸ್ ಇಳಿಸದೇ ಇರೋದು, ಬೆಲ್ಟ್ ಮೇಲೆ ಸರಕಿನ ದಪ್ಪ ಜಾಸ್ತಿ ಆಗಿರೋದು, ಬೆಲ್ಟ್ ಸ್ಪೀಡ್ ಏರಿಸಿರೋದು, ಮ್ಯಾಗ್ನೆಟ್ ಮುಖಕ್ಕೆ ಹಳೇ ಕಬ್ಬಿಣ ಪುಡಿ ಕಟ್ಕೊಂಡಿರೋದು, ಇವಿಷ್ಟು ನೋಡಿ. ತಪ್ಪಿಸ್ಕೊಂಡ ಬೋಲ್ಟ್ ಸಿಕ್ಕಿದ್ರೆ ಅದನ್ನೇ ಬೇರೆ ಮ್ಯಾಗ್ನೆಟ್‌ಗೆ ಹಿಡಿದು ನೋಡಿ, 304 ಸ್ಟೇನ್‌ಲೆಸ್ ಆಗಿದ್ರೆ ಅದು ಅಷ್ಟಾಗಿ ಅಂಟೋದೇ ಇಲ್ಲ, ಮ್ಯಾಗ್ನೆಟ್‌ನ ಬೈದು ಏನು ಬಂತು. ವರ್ಷಕ್ಕೊಮ್ಮೆ ಒಂದೇ ಸ್ಟೀಲ್ ಗುಂಡನ್ನ ಒಂದೇ ಜಾಗಕ್ಕೆ ಅಂಟಿಸಿ ಸ್ಪ್ರಿಂಗ್ ತಕ್ಕಡೀಲಿ ಎಳೆದು ಎಷ್ಟಕ್ಕೆ ಬಿಡ್ತು ಅಂತ ಬರೆದಿಟ್ರೆ ಮುಂದೆ ವಾದವೇ ಇರಲ್ಲ. ಪಕ್ಕದಲ್ಲೇ ವೆಲ್ಡಿಂಗ್ ಮಾಡಿದ್ದಾರಾ ಅಂತಲೂ ವಿಚಾರಿಸಿ.

ಬದಲಾಯಿಸೋದೇ ಅಂತಾದ್ರೆ

ಹೊರ ಅಳತೆ, ಒಳ ಅಳತೆ, ದಪ್ಪ ಮೂರೂ ಸರಿ ಹೊಂದಿದ್ರೆ ಸಾಲದು, ಯಾವ ದಿಕ್ಕಲ್ಲಿ ಮ್ಯಾಗ್ನೆಟೈಸ್ ಆಗಿದೆ ಅನ್ನೋದು ಮುಖ್ಯ. ಸ್ಪೀಕರ್‌ದು ಮೇಲ್ಮುಖ ಕೆಳಮುಖ ಪೋಲು, ಕೆಲವು ಸೆನ್ಸರ್‌ಗಳದ್ದು ಎಡ ಬಲ, ಫ್ಯಾನ್ ಟ್ಯಾಕೋಗಳದ್ದು ಸುತ್ತಲೂ ನಾರ್ತ್ ಸೌತ್ ನಾರ್ತ್ ಸೌತ್ ಅಂತ ಸರದಿ. ಫೀಲ್ಡ್ ಕಣ್ಣಿಗೆ ತೋರಿಸೋ ಹಸಿರು ಮ್ಯಾಗ್ನೆಟ್ ಫಿಲ್ಮ್ ಸಿಕ್ಕಿದ್ರೆ ಮೇಲಿಟ್ಟ ತಕ್ಷಣ ಪೋಲ್‌ಗಳ ನಡುವಿನ ಗೆರೆಗಳು ಕಾಣ್ತವೆ. ಕಳೆದ ಶಕ್ತೀನ ಇನ್ನೊಂದು ಮ್ಯಾಗ್ನೆಟ್ ತಿಕ್ಕಿ ವಾಪಸ್ ತರಕ್ಕಾಗಲ್ಲ, ಫೆರೈಟ್‌ಗೆ ಸುಮಾರು ಒಂದು ಟೆಸ್ಲಾ ಫೀಲ್ಡ್ ಒಂದು ಕ್ಷಣಕ್ಕಾದ್ರೂ ಬೇಕು, ಅದಕ್ಕೆ ಕೆಪಾಸಿಟರ್ ಬ್ಯಾಂಕ್ ಇರೋ ಮ್ಯಾಗ್ನೆಟೈಸರೇ ಆಗಬೇಕು. ತೂತು ದೊಡ್ಡದು ಮಾಡ್ತೀನಿ ಅಂತ ಮಾಮೂಲಿ ಡ್ರಿಲ್ ಬಿಟ್ಟರೆ ಹೋಳಾಗುತ್ತೆ, ಡೈಮಂಡ್ ಕಲ್ಲಿಗೆ ನೀರು ಬಿಟ್ಕೊಂಡು ಸವೆಸಬಹುದು ಅಷ್ಟೇ. ಅಂಟಿಸೋ ಮುಂಚೆ ಮೇಲಿನ ಕಪ್ಪು ಪುಡೀನ ಐಸೋಪ್ರೊಪೈಲ್‌ನಲ್ಲಿ ಬಟ್ಟೆ ಕಪ್ಪಾಗೋದು ನಿಲ್ಲೋವರೆಗೂ ಒರೆಸಿ, ಇಲ್ಲಾಂದ್ರೆ ಅಂಟು ಹಿಡಿಯೋದು ಪುಡೀನ, ಮ್ಯಾಗ್ನೆಟ್‌ನಲ್ಲ. ಏಟು ಬೀಳೋ ಜಾಗಕ್ಕೆ ಸೂಪರ್ ಗ್ಲೂ ಬೇಡ, ಗಟ್ಟಿ ಆದ್ರೂ ಪೆಡಸು, ಒಂದೇ ಏಟಿಗೆ ಬಿಡುತ್ತೆ. ಎದೇಲಿ ಪೇಸ್‌ಮೇಕರ್ ಇರೋರು ದೊಡ್ಡ ರಿಂಗ್‌ಗಳ ಕೆಲಸಾನ ಬೇರೆಯವರಿಗೆ ಬಿಡಿ, ಮತ್ತೆ ಬಿಚ್ಚಿಟ್ಟ ರಿಂಗ್‌ಗಳನ್ನ ಗ್ರೈಂಡಿಂಗ್ ಮಾಡೋ ಟೇಬಲ್ ಮೇಲೆ ಬಿಡದೆ ಪ್ಲಾಸ್ಟಿಕ್ ಕವರ್‌ಗೆ ಹಾಕಿ ಮಧ್ಯೆ ರಟ್ಟಿನ ತುಂಡು ಇಟ್ಟು ತೆಗೆದಿಡಿ.